ಉಕ್ಕಿನ ನಾಡಿನಲ್ಲಿ ಮೊಂಡು ಚಾಕು

(ಬೀದರಿನ ನೌಬಾದದಲ್ಲಿ ಯುವಕರ ಮುಂದೆ ಮಾಡಿದ ಭಾಷಣದ ಬರಹರೂಪ)



ನಾವೀಗ ಕುಳಿತಿರುವ ನೌಬಾದದ ನೆಲದಡಿಯಲ್ಲಿ ಒಂದು ನೀರಿನ ಹಾದಿ ಇದೆ. ಬಹಮನಿ ಸುಲ್ತಾನರ ಕಾಲದಲ್ಲಿ, ಅಂದರೆ 15ನೇ ಶತಮಾನದಲ್ಲಿ, ಕೆಂಪು ಜಂಬಿಟ್ಟಿಗೆಯನ್ನು ಕೊರೆದು ಮಾಡಿದ್ದು. ನಮ್ಮ ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ, ಇತಿಹಾಸಕಾರರು ಕರೇಜ್ ಎನ್ನುತ್ತಾರೆ. ಈ ವಿದ್ಯೆ ಪರ್ಷಿಯದಿಂದ ಬಂದದ್ದು ಎಂಬುದು ನಿಮಗೆಲ್ಲ ಗೊತ್ತು. ಆದರೆ ದಖ್ಖನ್ನಿನಿಂದ ಪರ್ಷಿಯಕ್ಕೆ ಹೋಗುತ್ತಿದ್ದ ಸರಕೊಂದಿತ್ತು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಸರಕು ಉಕ್ಕು. ಇಂದು ನಾನು ಮಾತನಾಡಲು ಹೊರಟಿರುವುದು ಉಕ್ಕಿನಿಂದ ಆಗುವ ಒಂದು ಚಿಕ್ಕ ಸಾಮಾನಿನ ಬಗ್ಗೆ. ಅದು ಜೇಬಿನಲ್ಲಿಡುವ, ಮಡಚುವ ಚಾಕು.

ಇಷ್ಟು ಸಣ್ಣ ವಸ್ತುವಿನ ಬಗ್ಗೆ ಭಾಷಣವೇ ಎಂದು ನೀವು ಕೇಳಬಹುದು. ಕಾರಣವಿದೆ. ಈಚೆಗೆ ನಮ್ಮ ಹುಡುಗರು ಹಲವರು ಬೆಲೆಬಾಳುವ ಮಡಚುವ ಚಾಕು ಕೊಳ್ಳುತ್ತಿದ್ದಾರೆ. ಕೆಲವರು ನಾಲ್ಕೈದು ಸಾವಿರದ್ದು, ಕೆಲವರು ಅದಕ್ಕೂ ಎಷ್ಟೋ ಹೆಚ್ಚಿನದು. ಆರು ತಿಂಗಳು ಪೇರಲ ಹಣ್ಣು ಹೆಚ್ಚಿ, ಗೊಬ್ಬರದ ಚೀಲದ ಹುರಿ ಕೊಯ್ದು, ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿದ ಮೇಲೆ ಅದು ಮೊಂಡಾಗುತ್ತದೆ. ಆಗ ಬರುವ ಪ್ರಶ್ನೆ ಒಂದೇ: "ಇದಕ್ಕ ಸಾಣಿ ಯಾರು ಹಿಡೀತಾರ್ರೀ?" ಉತ್ತರ ಸಿಗದೆ ಚಾಕು ಕಪಾಟು ಸೇರುತ್ತದೆ. ಮತ್ತೊಂದು ಹೊಸದು ಬರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಹಣ ಕೊಟ್ಟು ಕೊಳ್ಳುವುದು ಉಕ್ಕನ್ನು ಮಾತ್ರ; ಹರಿತವನ್ನು ಕೊಳ್ಳಲು ಬರುವುದಿಲ್ಲ, ಅದನ್ನು ಕೈಯಿಂದ ಮತ್ತೆ ಮತ್ತೆ ಗಳಿಸಬೇಕಾಗುತ್ತದೆ.

ಉಕ್ಕು ಎಂಬ ನಮ್ಮ ಮಾತು

ಇಂಗ್ಲಿಷಿನಲ್ಲಿ 'ವೂಟ್ಸ್' ಎಂಬ ಪದವಿದೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕಿನ ಹೆಸರು ಅದು. ಕನ್ನಡದ 'ಉಕ್ಕು' ಎಂಬ ಮಾತೇ ಪರದೇಶದವರ ಕಿವಿಯಲ್ಲೋ ಬರವಣಿಗೆಯಲ್ಲೋ ಕೆಟ್ಟು ವೂಟ್ಸ್ ಆಯಿತು ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಯುರೋಪಿನವರು ಡಮಾಸ್ಕಸ್ ಖಡ್ಗವೆಂದು ಬೆರಗಿನಿಂದ ನೋಡಿದ, ನೀರಿನ ಅಲೆಯಂಥ ಗೆರೆಗಳಿರುವ ಅಲಗುಗಳಿಗೆ ಈ ಉಕ್ಕು ಹೋಗುತ್ತಿತ್ತು.

ಇದು ಎಲ್ಲಿ ತಯಾರಾಗುತ್ತಿತ್ತು? ಹಳೆಯ ಮೈಸೂರು ಸೀಮೆಯಲ್ಲಿ ಮಾಗಡಿಯ ಕಡೆ ಮತ್ತು ಚನ್ನರಾಯನದುರ್ಗದ ಸುತ್ತಮುತ್ತ ತಯಾರಾಗುತ್ತಿದ್ದುದನ್ನು ಫ್ರಾನ್ಸಿಸ್ ಬುಕನನ್ 1800-01ರ ತನ್ನ ಪ್ರವಾಸದಲ್ಲಿ ಕಂಡು ಬರೆದಿದ್ದಾನೆ. ಮೆದು ಕಬ್ಬಿಣದ ತುಂಡಿನ ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು, ಮೂಸೆಯ ಬಾಯಿ ಮುಚ್ಚಿ, ತಿದಿ ಒತ್ತಿ ಕಾಯಿಸುತ್ತಿದ್ದರು. ಕಡ್ಡಿ ಸುಟ್ಟು ಇದ್ದಲಾಗಿ, ಅದರ ಇಂಗಾಲ ಕಬ್ಬಿಣದೊಳಗೆ ಇಳಿದು ಉಕ್ಕಾಗುತ್ತಿತ್ತು. ಇಂಥ ಉಕ್ಕಿನ ತಂತಿಯನ್ನು ಚನ್ನಪಟ್ಟಣದಲ್ಲಿ ಎಳೆದು ವಾದ್ಯಗಳಿಗೆ ಕಳಿಸುತ್ತಿದ್ದರು.

ನಮಗೆ ಹತ್ತಿರದ್ದು ಇನ್ನೊಂದು ಊರು. ನಮ್ಮ ಮಾಂಜ್ರಾ ನದಿ ಬೀದರ್ ಜಿಲ್ಲೆಯನ್ನು ದಾಟಿ ನಿಜಾಮಾಬಾದಿನ ಕಡೆ ಹೋಗಿ ಗೋದಾವರಿಯನ್ನು ಸೇರುತ್ತದಲ್ಲವೆ? ಅದೇ ನಿಜಾಮಾಬಾದ್ ಸೀಮೆಯಲ್ಲಿ ಕೋನಸಮುದ್ರಂ ಎಂಬ ಹಳ್ಳಿಯಿದೆ. ಬೀದರಿನಂತೆ ಅದೂ ನಿಜಾಮರ ರಾಜ್ಯದಲ್ಲಿತ್ತು. 1820ರ ಸುಮಾರಿಗೆ ಅಲ್ಲಿಗೆ ಹೋಗಿದ್ದ ಹೆನ್ರಿ ವೋಯ್ಸಿ ಎಂಬ ಭೂವಿಜ್ಞಾನಿ, ಎರಡು ಬಗೆಯ ಕಬ್ಬಿಣವನ್ನು ಕೂಡಿಸಿ ಮೂಸೆಯಲ್ಲಿ ಕರಗಿಸುವ ಅಲ್ಲಿನ ಕ್ರಮವನ್ನು ವರ್ಣಿಸಿದ್ದಾನೆ. ಉಕ್ಕು ಕೊಳ್ಳಲೆಂದು ಇಸ್ಫಹಾನಿನಿಂದ ಬಂದಿದ್ದ ವ್ಯಾಪಾರಿಯೂ ಅವನಿಗೆ ಅಲ್ಲಿ ಸಿಕ್ಕಿದ್ದ. ಅವನ ಲೇಖನ 1832ರಲ್ಲಿ, ಅವನು ತೀರಿಕೊಂಡ ಮೇಲೆ, ಅಚ್ಚಾಯಿತು. ಪರ್ಷಿಯದ ವ್ಯಾಪಾರಿ ಅಷ್ಟು ದೂರದಿಂದ ಬಂದು, ಕುಲುಮೆಯ ಬಳಿಯೇ ಕಾದು, ಗಟ್ಟಿ ನೋಡಿ ಆರಿಸಿಕೊಳ್ಳುವಷ್ಟು ಬೆಲೆ ಆ ಹಳ್ಳಿಯ ಕೈಕೆಲಸಕ್ಕಿತ್ತು.

ಲಂಡನ್ನಿಗೆ ಹೋದ ಗಟ್ಟಿ

ಈಗ ಮಡಚುವ ಚಾಕುವಿಗೆ ಬರೋಣ. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ವೂಟ್ಸ್ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಅವನ್ನು ಪರೀಕ್ಷಿಸಿ ಪ್ರಬಂಧ ಓದಿದ. ಪರೀಕ್ಷೆಗೆ ಬೇಕಾದ ಬಡಿತದ ಕೆಲಸವನ್ನು ಮಾಡಿಕೊಟ್ಟವನು ಜೇಮ್ಸ್ ಸ್ಟೋಡಾರ್ಟ್, ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಕತ್ತಿ ಕತ್ತರಿಗಳ ಅಂಗಡಿ ಇಟ್ಟಿದ್ದವನು. ಆ ಗಟ್ಟಿಯಿಂದ ಅವನು ಮಾಡಿದ್ದು ಖಡ್ಗವಲ್ಲ, ಲೇಖನಿ ಹೆರೆಯುವ ಒಂದು ಪುಟ್ಟ ಚಾಕು. ಆ ಕಾಲದಲ್ಲಿ ಹಕ್ಕಿಯ ಗರಿಯನ್ನು ಹೆರೆದು ಬರೆಯುತ್ತಿದ್ದರು. ಅದಕ್ಕೆ ಇಂಥ ಚಾಕು ಬೇಕಿತ್ತು. ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ವೂಟ್ಸ್ ತನಗೆ ಮೇಲು ಎಂದು ಸ್ಟೋಡಾರ್ಟ್ ತನ್ನ ಅಂಗಡಿಯ ಚೀಟಿಯಲ್ಲೇ ಮುದ್ರಿಸಿಕೊಂಡಿದ್ದ.

ಮುಂದೆ ಇದೇ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿನ ಗುಟ್ಟು ಹುಡುಕಿದವನು ಮೈಕೇಲ್ ಫ್ಯಾರಡೆ, ಒಬ್ಬ ಕಮ್ಮಾರನ ಮಗ. 1820 ಮತ್ತು 1822ರಲ್ಲಿ ಅವರಿಬ್ಬರ ಪ್ರಬಂಧಗಳು ಬಂದವು. ವೂಟ್ಸಿನ ಗುಣಕ್ಕೆ ಅಲ್ಯುಮಿನಿಯಂ ಕಾರಣವೆಂದು ಅವರು ಊಹಿಸಿದ್ದರು. ಅದು ಸರಿಯಲ್ಲವೆಂದು ಆಮೇಲೆ ತಿಳಿಯಿತು. 1998ರಲ್ಲಿ ಅಮೆರಿಕದ ಲೋಹವಿಜ್ಞಾನಿ ವೆರ್‌ಹೋವನ್ ಮತ್ತು ಅಲಗು ಬಡಿಯುವ ಪೆಂಡ್ರೇ ಎಂಬ ಕಮ್ಮಾರ ಇಬ್ಬರೂ ಕೂಡಿ ಇನ್ನೊಂದು ಉತ್ತರ ಕೊಟ್ಟರು. ಅದಿರಿನಲ್ಲಿ ತೀರಾ ಸ್ವಲ್ಪವಿದ್ದ ವನೇಡಿಯಂನಂಥ ಧಾತುಗಳಿಂದಾಗಿ ಉಕ್ಕಿನೊಳಗಿನ ಗಡಸು ಕಣಗಳು ಸಾಲುಗಟ್ಟುತ್ತವೆ, ಅಲೆಯ ಗೆರೆ ಮೂಡುವುದು ಅದರಿಂದ ಎಂದರು.

ಇಲ್ಲೊಂದು ಸ್ವಾರಸ್ಯವಿದೆ. ಇಂದು ಬೆಲೆಬಾಳುವ ಮಡಚುವ ಚಾಕುಗಳಲ್ಲಿ ಬಳಸುವ ಉಕ್ಕುಗಳಲ್ಲಿ ಎಸ್30ವಿ ಎಂಬುದು ಒಂದು. 2001ರ ಸುಮಾರಿಗೆ ಬಂದದ್ದು. ಅದರಲ್ಲಿ ಸುಮಾರು ಶೇ 1.45ರಷ್ಟು ಇಂಗಾಲ, ಶೇ 14ರಷ್ಟು ಕ್ರೋಮಿಯಂ, ಶೇ 4ರಷ್ಟು ವನೇಡಿಯಂ ಇದೆ. ಕೊನೆಯ 'ವಿ' ವನೇಡಿಯಂ ಎಂಬುದರ ಗುರುತು. ನಮ್ಮ ವೂಟ್ಸಿನಲ್ಲೂ ಇಂಗಾಲ ಹೆಚ್ಚುಕಡಿಮೆ ಶೇ 1.5ರ ಆಸುಪಾಸಿನಲ್ಲೇ ಇರುತ್ತಿತ್ತು. ಮೂಸೆಯವರಿಗೆ ಅದಿರಿನಿಂದ ತಾನಾಗಿ ಒದಗಿದ್ದನ್ನು ಇಂದಿನವರು ತೂಕ ಮಾಡಿ ಬೆರೆಸುತ್ತಾರೆ. ಕರಗಿದ ಉಕ್ಕನ್ನು ಅನಿಲದ ರಭಸದಿಂದ ಸಿಡಿಸಿ ಹುಡಿ ಮಾಡಿ, ಆ ಹುಡಿಯನ್ನು ಕಾವು ಮತ್ತು ಒತ್ತಡದಿಂದ ಮತ್ತೆ ಗಟ್ಟಿ ಮಾಡುತ್ತಾರೆ. ಇದರಿಂದ ಗಡಸು ಕಣಗಳು ಸಣ್ಣದಾಗಿ, ಸಮನಾಗಿ ಹರಡುತ್ತವೆ.

ಮಡಚುವ ಚಾಕುವಿಗೇನೂ ಹೊಸತನವಿಲ್ಲ. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ಎರಡೂವರೆ ಸಾವಿರ ವರ್ಷ ಹಿಂದಿನದು ಸಿಕ್ಕಿದೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು ಇವತ್ತಿಗೂ ಅಗ್ಗವಾಗಿಯೇ ಸಿಗುತ್ತದೆ. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ರಾಂಪುರದ ಚಾಕು ಸಿನಿಮಾದಿಂದಾಗಿ ಕೆಟ್ಟ ಹೆಸರು ಪಡೆಯಿತು. ಈಗಿನ ಹಲವು ದುಬಾರಿ ಚಾಕುಗಳಲ್ಲಿ ಅಲಗು ಬಿಚ್ಚಿದಾಗ ಹಿಡಿಯ ಒಂದು ಭಾಗವೇ ಒಳಗೆ ಬಾಗಿ ಅದನ್ನು ತಡೆದು ನಿಲ್ಲಿಸುತ್ತದೆ. ಈ ಬಗೆಯ ಬೀಗವನ್ನು ರೂಪಿಸಿದವನು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಕ್ರಿಸ್ ರೀವ್. ಅವನ ಹೆಸರಾಂತ ಚಾಕುವಿನ ಬೆಲೆ ಇಂದು 400 ಡಾಲರಿಗೂ ಮಿಕ್ಕಿದೆ. ಹೆಸರು 'ಸೆಬೆನ್ಜಾ'. ಜುಲು ಭಾಷೆಯಲ್ಲಿ ಅದರ ಅರ್ಥ ಕೆಲಸ. ಬಸವಕಲ್ಯಾಣ ಇರುವ ಜಿಲ್ಲೆಯ ನಮಗೆ ಆ ಮಾತನ್ನು ಕನ್ನಡಿಸುವುದು ಕಷ್ಟವಲ್ಲ: ಕಾಯಕ. ಬಾಚಿ ಹಿಡಿದು ಮರಗೆಲಸ ಮಾಡುತ್ತಿದ್ದ ಬಾಚಿಕಾಯಕದ ಬಸವಯ್ಯ ಶರಣರ ಸಾಲಿನಲ್ಲಿ ಕುಳಿತವನು. ಬಾಚಿ ಮೊಂಡಾದರೆ ಅವನ ಕಾಯಕ ನಿಲ್ಲುತ್ತಿತ್ತು.

ಹರಿತ ಎಂದರೇನು?

ಅಲಗಿನ ಎರಡು ಮೈಗಳು ಇಳಿಜಾರಾಗಿ ಬಂದು ಒಂದು ಗೆರೆಯಲ್ಲಿ ಸೇರುತ್ತವೆ. ಆ ಗೆರೆ ಎಷ್ಟು ತೆಳುವೋ ಅಷ್ಟು ಹರಿತ. ಪತ್ರಿಕೆಯ ಹಾಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಚೆನ್ನಾಗಿ ಸಾಣೆ ಹಿಡಿದ ಅಲಗಿನ ಬಾಯಿ ಅದರ ಹತ್ತಾರು ಪಾಲು ತೆಳುವಾಗಿರುತ್ತದೆ. ಬಳಸಿದಂತೆಲ್ಲ ಈ ಗೆರೆ ಸವೆಯುತ್ತದೆ, ಬಾಗುತ್ತದೆ, ಸಣ್ಣಗೆ ಮುರಿಯುತ್ತದೆ. ಇದನ್ನೇ ನಾವು ಮೊಂಡು ಎನ್ನುವುದು. ಎಂಥ ಉಕ್ಕಾದರೂ ಇದು ತಪ್ಪದು. ಒಳ್ಳೆಯ ಉಕ್ಕಿನಲ್ಲಿ ತಡವಾಗುತ್ತದೆ, ಅಷ್ಟೇ.

ಉಕ್ಕು ಗಡಸಾದಷ್ಟೂ ಹರಿತ ಹೆಚ್ಚು ದಿನ ನಿಲ್ಲುತ್ತದೆ. ಆದರೆ ತೀರಾ ಗಡಸಾದರೆ ಗಾಜಿನಂತೆ ಒಡೆಯುತ್ತದೆ. ಎರಡರ ನಡುವಿನ ಸ್ಥಿತಿಗೆ ಕಮ್ಮಾರರು ಬಳಸುವ ಮಾತು ಹದ. ನೆಲಕ್ಕೆ ಹದ ಎನ್ನುತ್ತೇವೆ, ಪಾಕಕ್ಕೆ ಹದ ಎನ್ನುತ್ತೇವೆ, ಉಕ್ಕಿಗೂ ಅದೇ ಮಾತು. ಕೆಂಪಗೆ ಕಾಯಿಸಿ ಅದ್ದಿದ ಉಕ್ಕು ಒಡೆಯುವಷ್ಟು ಗಡಸಾಗಿರುತ್ತದೆ. ಅದನ್ನು ಮತ್ತೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದಾಗ ಹದಕ್ಕೆ ಬರುತ್ತದೆ. ಇದನ್ನು ನೆನಪಿಡಿ, ಏಕೆಂದರೆ ಸಾಣೆಯಲ್ಲಿ ಹಾಳಾಗುವುದು ಈ ಹದವೇ. ಮೋಟಾರಿನ ಒಣ ಚಕ್ರಕ್ಕೆ ತೆಳುವಾದ ಅಲಗನ್ನು ಒತ್ತಿ ಹಿಡಿದರೆ ಬಾಯಿಯ ಕಾವು ಕ್ಷಣದಲ್ಲಿ 300 ಡಿಗ್ರಿ ದಾಟಬಹುದು. ಸಾಮಾನ್ಯ ಉಕ್ಕಿನಲ್ಲಿ ಅಲಗು ನೀಲಿಗಟ್ಟಿತು ಎಂದರೆ ಅಲ್ಲಿನ ಹದ ಹೋಯಿತು ಎಂದೇ ಅರ್ಥ. ಕುಡಗೋಲಿಗೆ, ಕೊಡಲಿಗೆ ಆ ಚಕ್ರ ಸರಿ. ಜೇಬಿನ ಚಾಕುವಿಗೆ ಕಲ್ಲು, ನೀರು ಮತ್ತು ಸಮಾಧಾನ ಬೇಕು.

ಸಾಣೆ ಹಿಡಿಯುವ ಕ್ರಮ

ಮೊದಲು ಕಲ್ಲು. ನಮ್ಮ ಸಾಣೆಯವರು ಹಿಂದೆ ಕುರುಂದದ ಹುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡಿಕೊಳ್ಳುತ್ತಿದ್ದರು. ಇಂಗ್ಲಿಷಿನ 'ಕೊರಂಡಮ್' ಎಂಬ ಹೆಸರು ದಕ್ಷಿಣ ಭಾರತದ ಈ ಮಾತಿನಿಂದಲೇ ಹೋದದ್ದು. ಸಾಧಾರಣ ಉಕ್ಕಿಗೆ ಅಂಥ ಕಲ್ಲೇ ಸಾಕು. ಆದರೆ ವನೇಡಿಯಂ ಹೆಚ್ಚಿರುವ ಉಕ್ಕಿನೊಳಗಿನ ಗಡಸು ಕಣಗಳು ಕುರುಂದಕ್ಕಿಂತಲೂ ಗಡಸು. ಆ ಕಲ್ಲಿನಲ್ಲಿ ಕೆಲಸ ಬಹಳ ನಿಧಾನವಾಗಿ ಸಾಗುತ್ತದೆ. 'ದುಬಾರಿ ಚಾಕು, ಸಾಣೆಯೇ ಹಿಡಿಯುತ್ತಿಲ್ಲ' ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಅಂಥದಕ್ಕೆ ವಜ್ರದ ಹುಡಿ ಅಂಟಿಸಿದ ತಗಡು ಬೇಕು. 400ರ ಒರಟು, 1000ದ ನಯ, ಹೀಗೆ ಎರಡಿದ್ದರೆ ಮನೆಗೆ ಸಾಕು.

ಎರಡನೆಯದು ಕೋನ. ಜೇಬಿನ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಸಾಮಾನ್ಯ. ಕಣ್ಣಂದಾಜಿಗೆ ಸುಲಭ ಉಪಾಯವಿದೆ. ಕಾಗದದ ಚೌಕ ಮೂಲೆ 90 ಡಿಗ್ರಿ. ಅದನ್ನು ಒಮ್ಮೆ ಮಡಚಿದರೆ 45, ಮತ್ತೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಅದಕ್ಕಿಂತ ತುಸು ತಗ್ಗಿಸಿ ಹಿಡಿಯಿರಿ. ಲೆಕ್ಕದಲ್ಲಿ ಹೇಳುವುದಾದರೆ, ಅಲಗಿನ ಅಗಲ 25 ಮಿಲಿಮೀಟರ್ ಇದ್ದರೆ 20 ಡಿಗ್ರಿಗೆ ಅದರ ಬೆನ್ನು ಕಲ್ಲಿನಿಂದ ಎಂಟೂವರೆ ಮಿಲಿಮೀಟರ್ ಮೇಲಿರಬೇಕು, 15 ಡಿಗ್ರಿಗೆ ಆರೂವರೆ. ಇಳಿಜಾರಿಗೆ ಸ್ಕೆಚ್ ಪೆನ್ನಿನ ಮಸಿ ಬಳಿದು ನಾಲ್ಕು ಸಲ ಉಜ್ಜಿ ನೋಡಿ. ಮಸಿ ಎಲ್ಲಿ ಹೋಗಿದೆಯೋ ಕಲ್ಲು ಅಲ್ಲಿ ತಾಗುತ್ತಿದೆ. ಬಾಯಿಯವರೆಗೂ ಹೋಗದಿದ್ದರೆ ಬೆನ್ನನ್ನು ಸ್ವಲ್ಪ ಎತ್ತಬೇಕು. ಕಸಿ ಕಟ್ಟುವ ಚಾಕುಗಳಲ್ಲಿ ಸಾಮಾನ್ಯವಾಗಿ ಒಂದೇ ಬದಿಗೆ ಇಳಿಜಾರು ಇರುತ್ತದೆ. ಅವಕ್ಕೆ ಆ ಬದಿಯಲ್ಲಷ್ಟೇ ಸಾಣೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂದೇ ಬದಿಯನ್ನು ಉಜ್ಜುತ್ತಾ ಹೋದಾಗ ಬಾಯಿ ತೆಳುವಾಗಿ, ಲೋಹದ ಕೂದಲಿನಂಥ ಎಳೆಯೊಂದು ಆಚೆ ಬದಿಗೆ ಹೊರಳುತ್ತದೆ. ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಬೆರಳನ್ನು ಹೊರಕ್ಕೆ ಸವರಿದರೆ ಅದು ತೊಡಕುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಎಂದೂ ಬೆರಳಾಡಿಸಬೇಡಿ. ಬುಡದಿಂದ ತುದಿಯವರೆಗೂ ಈ ಎಳೆ ಸಿಕ್ಕಿತೆಂದರೆ ಆ ಬದಿಯ ಕೆಲಸ ಮುಗಿಯಿತು. ಆಮೇಲೆ ಇನ್ನೊಂದು ಬದಿ. ಎಷ್ಟು ಸಲ ಉಜ್ಜಬೇಕು ಎಂದು ಎಣಿಸುವವರು ಎಳೆ ಬರುವ ಮೊದಲೇ ನಿಲ್ಲಿಸಿಬಿಡುತ್ತಾರೆ. ಎಣಿಕೆ ಬೇಡ, ಬೆರಳನ್ನು ನಂಬಿ.

ಕೊನೆಗೆ ಆ ಎಳೆಯನ್ನು ತೆಗೆಯಬೇಕು. ಅದು ಉಳಿದರೆ ಚಾಕು ಮೊದಲ ದಿನ ಹರಿತ, ಮರುದಿನ ಮೊಂಡು. ನಯವಾದ ಕಲ್ಲಿನಲ್ಲಿ ಚಾಕುವಿನ ತೂಕ ಮಾತ್ರ ಬೀಳುವಂತೆ ಹಗುರವಾಗಿ, ಬದಿ ಬದಲಿಸುತ್ತಾ ಎಳೆಯಿರಿ. ಆಮೇಲೆ ತೊಗಲಿನ ಪಟ್ಟಿಯ ಮೇಲೆ ಬಾಯಿ ಹಿಂದಾಗಿ, ಬೆನ್ನು ಮುಂದಾಗಿ ಸವರಿ. ಹಿಂದೆ ಕ್ಷೌರದ ಕಟ್ಟೆಯಲ್ಲಿ ಪಟ್ಟಿಗೆ ಕತ್ತಿ ಉಜ್ಜುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಕಂಡಿರುತ್ತೀರಿ. ಪರೀಕ್ಷೆಗೆ ಹಳೆಯ ಪತ್ರಿಕೆಯ ಹಾಳೆ ಸಾಕು. ಹರಿಯದೆ, ಸಿಕ್ಕಿಕೊಳ್ಳದೆ ಕೊಯ್ದರೆ ಸಾಣೆ ಕೂತಿತು.

ಮಡಚುವ ಚಾಕುವಿಗೆ ಇನ್ನೆರಡು ಮಾತು. ನಮ್ಮ ಊರಿನ ಕೆಂಪು ಧೂಳು ಅದರ ಕೀಲಿನೊಳಗೆ ಸೇರುತ್ತದೆ. ಬ್ರಷ್ಷಿನಿಂದ ಝಾಡಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಅಡುಗೆ ಎಣ್ಣೆ ಬೇಡ, ಅಂಟುಗಟ್ಟುತ್ತದೆ. ಇನ್ನು, ಡಬ್ಬಿಯ ಮುಚ್ಚಳ ಮೀಟಲು, ಸ್ಕ್ರೂ ತಿರುಗಿಸಲು ಅಲಗನ್ನು ಬಳಸಬೇಡಿ. ಮೊಂಡಾದದ್ದನ್ನು ಸರಿಪಡಿಸಬಹುದು, ಮುರಿದ ತುದಿಗೆ ಬಹಳ ಉಕ್ಕು ಸವೆಸಬೇಕಾಗುತ್ತದೆ.

ಕಾನೂನು ಮತ್ತು ವಿವೇಕ

ಚಾಕು ಎಂದೊಡನೆ ಪೊಲೀಸಿನ ಮಾತು ಬರುತ್ತದೆ. ಅದೂ ಸರಿಯೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ 2016ರ ನಿಯಮಗಳು ಆಯುಧಗಳ ಪಟ್ಟಿಯಲ್ಲಿ ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಹೊಲ, ಕೈಗಾರಿಕೆಗಳ ಕೆಲಸಕ್ಕೆಂದು ಮಾಡಿದವು ಅದರಲ್ಲಿ ಸೇರುವುದಿಲ್ಲ. ಮೂರು ಇಂಚಿನ ಜೇಬಿನ ಚಾಕು ಈ ಅಳತೆಯೊಳಗೇ ಇದೆ. ಹಾಗೆಂದು ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಜಾತ್ರೆ, ಮೆರವಣಿಗೆ, ಚುನಾವಣೆಯ ದಿನಗಳಲ್ಲಿ ಮನೆಯಲ್ಲಿ ಬಿಡುವುದೇ ವಿವೇಕ. ನಾಲ್ಕು ಜನರ ನಡುವೆ ಅಲಗನ್ನು ಟಕ್ಕೆಂದು ಬಿಚ್ಚಿ ತೋರಿಸುವವನು ಚಾಕುವಿನ ಒಡೆಯನಲ್ಲ, ಅದರ ಜಾಹೀರಾತುದಾರ.

ಅಲಗಿಗೆ ಗೌರವವೂ ಉಂಟೆಂದು ಬೀದರಿನವರಿಗೆ ಬೇರೆ ಹೇಳಬೇಕಿಲ್ಲ. ನಾನಕ್ ಝೀರಾ ಇರುವ ಊರು ಇದು. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗರು ಬೀದರಿನವರು, ಕ್ಷೌರಿಕ ಮನೆತನದವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಕೃಪಾಣ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಬರೆದಿದೆ.

ಬಲ್ಲ ಕೈಗಳ ಗತಿ

ಕೋನಸಮುದ್ರಂನ ಕುಲುಮೆ ಏಕೆ ಆರಿತು? ಇಂಗ್ಲೆಂಡಿನ ಕಾರ್ಖಾನೆಗಳ ಅಗ್ಗದ ಉಕ್ಕು ಬಂತು. ಇದ್ದಲಿಗೆ ಬೇಕಾದ ಕಾಡು ಕೈತಪ್ಪಿತು. ಖಡ್ಗಗಳ ಬೇಡಿಕೆ ಇಳಿಯಿತು. ಮೂಸೆಯ ವಿದ್ಯೆ ಕುಟುಂಬಗಳ ಕೈಯಲ್ಲಿತ್ತು, ಕಾಗದದಲ್ಲಿರಲಿಲ್ಲ. ಕೈಗಳಿಗೆ ಕೂಲಿ ಸಿಗದಾದಾಗ ವಿದ್ಯೆಯೂ ನಿಂತಿತು. ಆಮೇಲೆ ಅದನ್ನು ಮತ್ತೆ ಕಂಡುಹಿಡಿಯಲು ಬೇರೆ ದೇಶದ ಪ್ರಯೋಗಾಲಯಗಳು ದಶಕಗಟ್ಟಲೆ ದುಡಿಯಬೇಕಾಯಿತು.

ಅದೇ ಕಥೆ ಸಾಣೆಯವರದ್ದಾಗಬಾರದು ಎಂಬುದು ನನ್ನ ಕಳಕಳಿ. ನಮ್ಮ ಸೀಮೆಯ ಊರುಗಳಲ್ಲಿ ಶಿಕಲಗಾರರೆಂಬ ಜನ ಇದ್ದಾರೆ. ಅರಬ್ಬಿಯಲ್ಲಿ ಹೊಳಪು ಕೊಡುವುದಕ್ಕಿರುವ ಮಾತಿನಿಂದ ಪಾರಸಿಯ ಮೂಲಕ ಬಂದ ಹೆಸರು. ಅವರಲ್ಲಿ ಮುಸಲ್ಮಾನರಿದ್ದಾರೆ, ಸಿಖ್ಖರೂ ಇದ್ದಾರೆ. ರಾಜರ ಕಾಲದಲ್ಲಿ ಖಡ್ಗಕ್ಕೆ ಸಾಣೆ ಹಿಡಿದವರು, ಈಗ ಸೈಕಲ್ಲಿನ ಮೇಲೆ ಚಕ್ರ ಕಟ್ಟಿಕೊಂಡು ಓಣಿ ಓಣಿ ತಿರುಗುವವರು. ಬಳಸಿ ಎಸೆಯುವ ಅಗ್ಗದ ಚಾಕು ಬಂದ ಮೇಲೆ ಅವರನ್ನು ಕರೆಯುವ ಮನೆಗಳು ಕಡಿಮೆಯಾಗಿವೆ. ಸಾವಿರಾರು ರೂಪಾಯಿಯ ಚಾಕು ಕೊಳ್ಳುವ ನಾವು ಹತ್ತಿಪ್ಪತ್ತು ರೂಪಾಯಿಯ ಸಾಣೆಗೆ ಚೌಕಾಶಿ ಮಾಡುತ್ತೇವೆ. ನಮ್ಮ ಬಿದ್ರಿ ಕುಶಲಕರ್ಮಿಯನ್ನು ನೋಡಿ. ಅವನ ಉಳಿ ಮೊಂಡಾದರೆ ಗೀರು ಒಡೆಯುತ್ತದೆ, ಅದರಲ್ಲಿ ಬೆಳ್ಳಿಯ ತಂತಿ ಸರಿಯಾಗಿ ಕೂರುವುದಿಲ್ಲ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು, 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಬೆಳ್ಳಿಯ ಹೊಳಪಿನ ಹಿಂದೆ ಹರಿತವಾದ ಉಳಿ ಇದೆ ಎಂಬುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಎರಡು. ಓಣಿಗೆ ಸಾಣೆಯವರು ಬಂದರೆ ಕುಡಗೋಲು, ಈಳಿಗೆ, ಕತ್ತರಿಗಳನ್ನು ಅವರಿಗೇ ಕೊಡಿ, ಕೇಳಿದಷ್ಟು ಕೊಡಿ, ಅವರು ಅಲಗನ್ನು ಹಿಡಿಯುವ ರೀತಿಯನ್ನು ನಿಂತು ನೋಡಿ. ಎರಡನೆಯದು, ನಿಮ್ಮ ಜೇಬಿನ ಚಾಕುವಿಗೆ ನೀವೇ ಸಾಣೆ ಹಿಡಿಯುವುದನ್ನು ಕಲಿಯಿರಿ. ಕಲಿಯುವಾಗ ದುಬಾರಿ ಚಾಕುವನ್ನು ಮುಟ್ಟಬೇಡಿ. ಬರುವ ಭಾನುವಾರ ಅವ್ವನ ಅಡುಗೆಮನೆಯ ಹಳೆಯ ಚಾಕು ತೆಗೆದುಕೊಂಡು ಕುಳಿತುಕೊಳ್ಳಿ. ಹತ್ತು ಸಲ ತಪ್ಪಲಿ, ಅಡ್ಡಿಯಿಲ್ಲ. ಅದು ಉಳ್ಳಾಗಡ್ಡಿಯನ್ನು ಸೊರಗಿಸದೆ ಕೊಯ್ಯುವಂತಾದಾಗ ಕೈಗೆ ಹದ ಬಂತು ಎಂದು ತಿಳಿಯಿರಿ. ಆಮೇಲೆ ಕಪಾಟಿನಲ್ಲಿಟ್ಟ ಚಾಕುವನ್ನು ಹೊರಗೆ ತೆಗೆಯಿರಿ.